ಐದನೇ ಬೆರಳು

ಕಡೀ ಬೆಟಗೇರಿ ಬಸ್ಸು ಹೋದ ಮ್ಯಾಲ
ಅಂಗಡಿ ಶಟರ್ ಅರ್ಧ ಎಳೆದು
ನಾ ಲ್ಯಾಪ್‌ಟಾಪ್ ತೆರೀತೀನಿ.
ಬಿಳೀ ಹಾಳಿ. ಅದರ ಮ್ಯಾಲ ಚೌಕ ಡಬ್ಬಿ.
ಡಬ್ಬಿಯಿಂದ ಡಬ್ಬಿಗೆ ಎಳಿ.
ಮಗ್ಗದ ಮನಿಯಾಗ ಹುಟ್ಟಿದಾಕಿ ನಾ,
ಹರಿದ ಎಳಿಗೆ ಗಂಟು ಹಾಕೋದು ಕೈಗೆ ಗೊತ್ತು.
ಇಲ್ಲಿ ಎಳಿ ಹರಿಯೂದಿಲ್ಲ.
ತಪ್ಪು ತೂತಿಗೆ ಕೂಡಿಸಿದ್ರ ಸುಮ್ಮನಾಗ್ತದ,
ಯಾಕ ಅಂತ ಹೇಳೂದಿಲ್ಲ.

ಹಗಲು ಕೆಲಸ ಬ್ಯಾರೆ.
ಹುಚ್ಚೀರಪ್ಪ ಮಾಸ್ತರ ಪೇಟಿ ಬಿಚ್ಚಿ ಕೊಡ್ತಾರ,
ನಾ ಹಿತ್ತಾಳಿ ರೀಡಿನ ಕಿಲುಬು ಒರಸ್ತೀನಿ.
ಭಜನಿ ಮಂಡಳಿ ಪೇಟಿ, ನಾಟಕ ಕಂಪನಿ ಪೇಟಿ.
ಒಮ್ಮೆ ಒಂದರಾಗ ಇಲಿ ಮರಿ ಹಾಕಿತ್ತು,
ಮಂದ್ರ ಪಂಚಮದ ಕೆಳಗ, ಬೆಚ್ಚಗ.

ಮೊದಲ ವಾರ ಒಂದಽ ದನಿ ಬಂತು.
ಆಸಿಲೇಟರ್ ಅನ್ನೋ ಡಬ್ಬಿ, ಒಂದು ಗುಣಾಕಾರದ ಡಬ್ಬಿ,
ಆಮ್ಯಾಲ ಸ್ಪೀಕರ್.
ಸಾ ಒತ್ತಿದೆ: ಸಾ.
ಅದನ್ನ ಬಿಡದಽ ಗಾ ಒತ್ತಿದೆ: ಸಾ ಸತ್ತು ಗಾ ಹುಟ್ಟಿತು.
ಮಾಸ್ತರ ನಕ್ಕರು.
"ಮನಶಾನ ಗಂಟಲಽ ಹಂಗ ಅದ. ತಪ್ಪೇನು?"
ತಪ್ಪಲ್ಲ. ಆದ್ರ ನನಗ ಪೇಟಿ ಬೇಕಾಗಿತ್ತು,
ಮದುವಿ ಮನಿ ಮಂದಿ
ಒಮ್ಮೆಲೇ ಮಾತಾಡೋ ಹಂಗ.

ಆ ದನಿಯನ್ನ ಇನ್ನೊಂದು ಡಬ್ಬಿಯೊಳಗ ಮಡಚಿಟ್ಟೆ,
ನಕಲು ಮಾಡಿದೆ, ನಾಕು.
ಬಾಗಿಲಿಗೆ ಒಬ್ಬ ಕಂಡಕ್ಟರನ್ನ ನಿಲ್ಲಿಸಿದೆ.
ಬಂದ ಸ್ವರಕ್ಕ ಖಾಲಿ ಸೀಟು ತೋರಸೋದು,
ಬೆರಳು ಎತ್ತಿದ ಸುದ್ದಿ ಬಂದ ಕೂಡ್ಲೆ ಇಳಸೋದು.
ಒಂದು ರಾತ್ರಿ ಸುದ್ದಿ ಮುಟ್ಟಲಿಲ್ಲ.
ಕೀ ಒತ್ತಿದ್ದಾಗಽ ನಾ ಎಳಿ ಕಿತ್ತಿದ್ದೆ,
ನಿಷಾದ ಒಂದು ಒಳಗಽ ಉಳೀತು.
ಎದುರಿನ ಗಿರಮಿಟ್ಟಿನ ಶೌಕತ್ ಓಡಿ ಬಂದು
"ಅಕ್ಕಾ, ಯಾರು ಅಳಾಕ್ಹತ್ಯಾರ?" ಅಂದ.

ನಾಕು ದನಿ, ನಾಕು ಬೆರಳು, ಸರಿ.
ಐದನೇದು ಇಟ್ಟಾಗ?
ಎಲ್ಲಾರಕಿಂತ ಮೊದಲು ಬಂದು ಕುಂತವರನ್ನ ಎಬ್ಬಿಸಿ
ಹೊಸಬರಿಗೆ ಜಾಗ ಕೊಡ್ತಾನ ಕಂಡಕ್ಟರ್.
ಟಕ್ ಅಂತ ಸಪ್ಪಳ, ಮಳಿ ಕಿತ್ತಂಗ.
ಕಲಿಸೋ ಪುಸ್ತಕದಾಗ ಅದಕ್ಕ ಹೆಸರು
ಕಳವು.

ಮಾಸ್ತರಿಗೆ ಎಡಗಿವಿ ಇಲ್ಲ.
ಬಲಗಿವಿ ಸ್ಪೀಕರಿನ ಕಡೆ ತಿರುವಿ ಕುಂತರು.
ಹೆಬ್ಬಟ್ಟು ಸಾದ ಮ್ಯಾಲ.
ಆಮ್ಯಾಲ ಗಾ, ಪಾ, ನೀ, ಮ್ಯಾಲಿನ ಸಾ,
ಕೈ ಎಷ್ಟು ಹರವತದೋ ಅಷ್ಟೂ.
ಎಡಗೈ ತನ್ನ ಪಾಡಿಗೆ ತಾ
ಕೀಬೋರ್ಡಿನ ಹಿಂದ ತಿದಿ ಒತ್ತಾಕ್ಹತ್ತಿತ್ತು,
ಇಲ್ಲದ ತಿದಿ.
ಹೆಬ್ಬಟ್ಟು ಗಟ್ಟಿ ಊರೇ ಅದ. ಸಾ ಇಲ್ಲ.
ಬಗ್ಗಿ ಕೀ ನೋಡಿದರು, ಮತ್ತ ನನ್ನ ನೋಡಿದರು.
"ನಾ ಬಿಟ್ಟಿಲ್ಲವ್ವಾ.
ಬಿಡದವರ ಕೈಯಾಗಿಂದು ಹೆಂಗ ಕಸಗೊಂತು ಇದು?"

ಮೂರು ರಾತ್ರಿ ಹಿಡೀತು
ಕಂಡಕ್ಟರನ ಕಿವಿಯಾಗ ಒಂದು ಮಾತು ಹಾಕಾಕ:
ಎಲ್ಲಕ್ಕಿಂತ ಕೆಳಗಿನ ಸ್ವರ ಎಬ್ಬಿಸಬ್ಯಾಡ,
ಅದು ಎಷ್ಟರ ಹಳೇದಿರಲಿ.
ಮೂರು ಡಬ್ಬಿ ಹೆಚ್ಚಾದವು, ಹನ್ನೊಂದು ಎಳಿ.
ಅದರಾಗ ಒಂದು ಎಳಿ ಯಾಕ ಅದ ಇನ್ನೂ ತಿಳಿದಿಲ್ಲ,
ತಗದ್ರ ಕೆಡ್ತದ.
"ದನಿ ಎಂಟು ಮಾಡಿಬಿಡು, ಮುಗೀತಲ್ಲ" ಅಂದ ಶೌಕತ್,
ಮೆಣಸಿನಕಾಯಿ ಕೈಯಲ್ಲೇ ಪರದೆ ತೋರಿಸಿ.
ಮಾಡಬಹುದು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು
ಐದಕ್ಕಽ ಏದುಸಿರು ಬಿಡ್ತದ.
ಎಂಟಾದ ಮ್ಯಾಲ ಒಂಬತ್ತನೇದು ಬರ್ತದ.

ಮಾಸ್ತರ ಮತ್ತ ಕುಂತರು. ಅದಽ ಐದು ಬೆರಳು.
ಸಾ ನಿಂತಿತು.
ಭಾಳ ಹೊತ್ತು ಕೇಳಿದರು, ಕಣ್ಣು ಮುಚ್ಚಿ.
"ನಡುವ ಯಾರೋ ಎದ್ದು ಹೋದರಲ್ಲ."
ಹೌದ್ರಿ ಅಂದೆ. ಗಾಂಧಾರ.
ಏನೂ ಅನ್ನಲಿಲ್ಲ.
ಅಂಗೈ ತಗೊಂಡು ಹೋಗಿ ಸ್ಪೀಕರಿನ ಮುಂದ ಹಿಡಿದರು,
ಪೇಟಿಗೆ ತೂತು ಬಿದ್ದದೋ ಅಂತ ನೋಡೋ ಹಂಗ.
ಗಾಳಿ ಬರ್ತದೇನೋ ಅಂತ.
ಸುಮಾರು ಹೊತ್ತು ಹಂಗಽ ಹಿಡಿದಿದ್ದರು.

ಆಮ್ಯಾಲ ಶಟರ್ ಕೆಳಗಿಂದ ಬಗ್ಗಿ ಹೊರಗ ಹೋಗ್ತಾ
"ನರೇಗಲ್ಲಿನವರ ಪೇಟಿ ನಾಳೆ ಕೊಡೂದದ,
ಸಣ್ಣ ಅರ ಎಲ್ಲಿಟ್ಟಿ?" ಅಂದರು.